ಹೊಟ್ಟೆ ಉಳಿಯಲು ಗ್ರಂಥಿಗಳ ಒಪ್ಪಿಗೆ

"ಗಡ್ಡೆ ಇರೋದು ಎರಡೇ ಸೆಂಟಿಮೀಟರ್ ಅಂತೆ. ಅಷ್ಟಕ್ಕೆ ಅರ್ಧಕ್ಕಿಂತ ಹೆಚ್ಚು ಹೊಟ್ಟೆ ಯಾಕೆ ತೆಗೀಬೇಕು?" ಜಠರದ ಕ್ಯಾನ್ಸರ್ ಎಂಬ ಮಾತು ಮನೆಯೊಳಗೆ ಕಾಲಿಟ್ಟ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುವ ಪ್ರಶ್ನೆ ಇದು. ಕೇಳುವುದು ಸಹಜವೂ ಹೌದು. ಮಾವಿನಹಣ್ಣಿನ ಒಂದು ಮೂಲೆ ಕೊಳೆತಿದ್ದರೆ ಅಷ್ಟನ್ನೇ ಕೊರೆದು ಎಸೆದು ಉಳಿದದ್ದನ್ನು ತಿನ್ನುವವರು ನಾವು. ಹಾಗೆಯೇ ಗಡ್ಡೆಯಿದ್ದಲ್ಲಿ ಮಾತ್ರ ಕೊರೆದು, ಉಳಿದ ಜಠರವನ್ನು ಹೊಲಿದುಬಿಡಬಾರದೇಕೆ?

ಇದಕ್ಕೆ ಉತ್ತರ ಗಡ್ಡೆಯ ಅಳತೆಯಲ್ಲಿ ಮಾತ್ರ ಇಲ್ಲ. ಜಠರದ ಸುತ್ತಲಿನ ಕೊಬ್ಬಿನಲ್ಲಿ ಹುದುಗಿರುವ, ಅವರೆಕಾಳಿನಷ್ಟೋ ಅದಕ್ಕಿಂತ ಚಿಕ್ಕದೋ ಆಗಿರುವ ಹತ್ತಾರು ಗ್ರಂಥಿಗಳಲ್ಲಿದೆ. ಒಬ್ಬ ರೋಗಿಯ ಜಠರದಲ್ಲಿ ಎಷ್ಟು ಭಾಗವನ್ನು ಉಳಿಸಬಹುದು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಗ್ರಂಥಿಗಳು. ಇದು ಹೇಗೆ ಎಂಬುದನ್ನು ಈ ವಾರ ಸ್ವಲ್ಪ ಸಾವಧಾನವಾಗಿ ನೋಡೋಣ.

ಎರಡನೆಯ ಹರಿವು

ನಮ್ಮ ಶರೀರದಲ್ಲಿ ರಕ್ತ ಹರಿಯುವುದು ಎಲ್ಲರಿಗೂ ಗೊತ್ತು. ಅದರ ಜೊತೆಗೇ ಇನ್ನೊಂದು ಸದ್ದಿಲ್ಲದ ಹರಿವಿದೆ. ಸೂಕ್ಷ್ಮ ರಕ್ತನಾಳಗಳಿಂದ ಸದಾ ಒಂದಷ್ಟು ನೀರಿನಂಥ ದ್ರವ ಜೀವಕೋಶಗಳ ನಡುವೆ ಜಿನುಗುತ್ತದೆ. ಅದರಲ್ಲಿ ಹೆಚ್ಚಿನದು ರಕ್ತಕ್ಕೇ ಮರಳುತ್ತದೆ. ಉಳಿದದ್ದನ್ನು ಬಸಿದುಕೊಳ್ಳಲು ಬೇರೆಯೇ ನಾಳಗಳಿವೆ. ಅಡಿಕೆ ತೋಟ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನೀರು ಹಾಯಿಸುವ ಕಾಲುವೆ ಒಂದು, ಹೆಚ್ಚಾದ ನೀರನ್ನು ಹೊರಗೆ ಸಾಗಿಸುವ ಬಸಿಗಾಲುವೆ ಇನ್ನೊಂದು. ಶರೀರದ ಬಸಿಗಾಲುವೆಯಲ್ಲಿ ಹರಿಯುವ ದ್ರವವೇ ದುಗ್ಧರಸ. ದಿನಕ್ಕೆ ಎರಡು ಮೂರು ಲೀಟರಿನಷ್ಟು ದುಗ್ಧರಸ ಹೀಗೆ ಸಂಗ್ರಹವಾಗಿ, ಬಹುಪಾಲು ಕುತ್ತಿಗೆಯ ಎಡಬುಡದಲ್ಲಿ ರಕ್ತವನ್ನು ಸೇರುತ್ತದೆ.

ದುಗ್ಧ ಎಂದರೆ ಹಾಲು. ಈ ಹೆಸರಿಗೆ ಕಾರಣವಿದೆ. 1622ರಲ್ಲಿ ಇಟಲಿಯ ಗ್ಯಾಸ್ಪರೆ ಅಸೆಲ್ಲಿ ಎಂಬ ವೈದ್ಯ, ಚೆನ್ನಾಗಿ ಉಂಡಿದ್ದ ನಾಯಿಯೊಂದರ ಹೊಟ್ಟೆಯನ್ನು ಸೀಳಿ ನೋಡಿದಾಗ ಕರುಳಿನ ಮೇಲೆ ಬಿಳಿಯ ಎಳೆಗಳು ಹರಡಿದ್ದುವು. ನರಗಳಿರಬಹುದೆಂದುಕೊಂಡು ಒಂದನ್ನು ಕತ್ತರಿಸಿದ. ಹಾಲಿನಂಥ ದ್ರವ ಹೊರಬಂತು. ಊಟದ ಕೊಬ್ಬಿನಂಶ ಕರುಳಿನಿಂದ ಹೊರಡುವುದು ಈ ನಾಳಗಳ ಮೂಲಕ, ಆದ್ದರಿಂದ ಆ ಬಿಳುಪು.

ಈ ಬಸಿಗಾಲುವೆಗಳ ದಾರಿಯಲ್ಲಿ ಅಲ್ಲಲ್ಲಿ ಜರಡಿಗಳಿವೆ. ಅವೇ ದುಗ್ಧಗ್ರಂಥಿಗಳು. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಯ ಸಂದಿನಲ್ಲಿ ನೋವಿನ ಗಡ್ಡೆ ಏಳುವುದನ್ನು ನೀವು ಕಂಡಿರುತ್ತೀರಿ. ಅಲ್ಲಿನ ಗ್ರಂಥಿ ರೋಗಾಣುಗಳನ್ನು ತಡೆದು ನಿಲ್ಲಿಸಿ ಕಾದಾಡುತ್ತಿದೆ ಎಂದು ಅದರ ಅರ್ಥ.

ಕ್ಯಾನ್ಸರ್ ಕೋಶಗಳೂ ಇದೇ ದಾರಿ ಹಿಡಿಯುತ್ತವೆ. ಮೂಲ ಗಡ್ಡೆಯಿಂದ ಕಳಚಿಕೊಂಡ ಕೋಶ ದುಗ್ಧರಸದಲ್ಲಿ ತೇಲಿ ಹತ್ತಿರದ ಗ್ರಂಥಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ಕೆಲವು ಅಲ್ಲಿಯೇ ಸಾಯುತ್ತವೆ. ಕೆಲವು ಬೇರೂರಿ ಬೆಳೆಯುತ್ತವೆ. ಅಲ್ಲಿಂದ ಮುಂದಿನ ಗ್ರಂಥಿಗೆ, ಅದರಿಂದ ಮತ್ತೂ ಮುಂದಿನದಕ್ಕೆ ಹೀಗೆ ಪಯಣ ಸಾಗುತ್ತದೆ. ಜಠರದ ಕ್ಯಾನ್ಸರ್ ತೀರ ಮುಂದುವರಿದಾಗ ಎಡಗಡೆಯ ಕುತ್ತಿಗೆಯ ಬುಡದಲ್ಲಿ ಗಟ್ಟಿಯಾದ ಗಂಟು ಕೈಗೆ ಸಿಗುವುದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಗುರುತಿಸಿದ ಜರ್ಮನಿಯ ರುಡಾಲ್ಫ್ ವಿರ್ಕೊ ಅವರ ಹೆಸರಿನಿಂದಲೇ ವೈದ್ಯರು ಇಂದಿಗೂ ಅದನ್ನು ಕರೆಯುತ್ತಾರೆ. ಹೊಟ್ಟೆಯ ರೋಗ ಕುತ್ತಿಗೆಯಲ್ಲಿ ಕಾಣಿಸಿತು ಎಂದರೆ ಬಸಿಗಾಲುವೆಯ ಕೊನೆಯ ತೂಬಿನವರೆಗೂ ಅದು ಬಂದಾಯಿತು ಎಂದೇ ಲೆಕ್ಕ.

ಗ್ರಂಥಿಗಳ ಜೊತೆ ಜಠರ ಹೋಗುವುದೇಕೆ?

ಇಲ್ಲಿ ಮುಖ್ಯವಾದ ಒಂದು ಸಂಗತಿ ಇದೆ. ಜಠರದ ದುಗ್ಧನಾಳಗಳು ಅಲ್ಲಿನ ಅಪಧಮನಿಗಳ ಪಕ್ಕದಲ್ಲಿಯೇ, ಆದರೆ ಹಿಮ್ಮುಖವಾಗಿ ಸಾಗುತ್ತವೆ. ಗ್ರಂಥಿಗಳು ಕೂಡ ಆ ಅಪಧಮನಿಗಳ ಮೈಗೆ ಅಂಟಿಕೊಂಡಂತೆ ಇರುತ್ತವೆ. ಜಠರಕ್ಕೆ ರಕ್ತ ತರುವ ಅಪಧಮನಿಗಳಲ್ಲಿ ಮುಖ್ಯವಾದವು ನಾಲ್ಕು: ಮೇಲಂಚಿನಲ್ಲಿ ಎಡಕ್ಕೊಂದು ಬಲಕ್ಕೊಂದು, ಕೆಳಗಿನ ಡೊಂಕಿನಲ್ಲಿ ಎಡಕ್ಕೊಂದು ಬಲಕ್ಕೊಂದು. ಇವಲ್ಲದೆ ಗುಲ್ಮದ ಕಡೆಯಿಂದ ಬರುವ ಕೆಲವು ಗಿಡ್ಡ ನಾಳಗಳಿವೆ.

ಗ್ರಂಥಿಗಳನ್ನು ಅವುಗಳ ಸುತ್ತಲಿನ ಕೊಬ್ಬಿನ ಸಮೇತ ಬುಡದವರೆಗೆ ತೆಗೆಯಬೇಕಾದರೆ ಆಯಾ ಅಪಧಮನಿಯನ್ನು ಬುಡದಲ್ಲೇ ಕಟ್ಟಿ ಕತ್ತರಿಸಬೇಕು. ಜಠರದ ಚಲನೆಯನ್ನು ನಿಯಂತ್ರಿಸುವ ವೇಗಸ್ ನರದ ಕವಲುಗಳೂ ಅದೇ ಜಾಗದಲ್ಲಿ ಹಾಯುವುದರಿಂದ ಅವೂ ಹೋಗುತ್ತವೆ. ರಕ್ತವೂ ನರವೂ ತಪ್ಪಿದ ಭಾಗವನ್ನು ಇಟ್ಟುಕೊಂಡು ಪ್ರಯೋಜನವಿಲ್ಲ. ಅಂದರೆ ಎರಡು ಸೆಂಟಿಮೀಟರಿನ ಗಡ್ಡೆಗೆ ಮೂರನೇ ಎರಡು ಭಾಗ ಜಠರ ಹೋಗುವುದು ಗಡ್ಡೆಯ ಸಲುವಾಗಿ ಮಾತ್ರವಲ್ಲ, ಗ್ರಂಥಿಗಳ ಸಲುವಾಗಿಯೂ. ಹೆಚ್ಚು ಗ್ರಂಥಿ ತೆಗೆದಷ್ಟೂ ಉಳಿಸಬಹುದಾದ ಜಠರ ಕಡಿಮೆ. ಹೆಚ್ಚು ಜಠರ ಉಳಿಸಿದಷ್ಟೂ ತೆಗೆಯಬಹುದಾದ ಗ್ರಂಥಿ ಕಡಿಮೆ. ಈ ಎರಡರ ತೂಗುವಿಕೆಯಲ್ಲೇ ಶಸ್ತ್ರವೈದ್ಯರು ನೂರಕ್ಕೂ ಹೆಚ್ಚು ವರ್ಷ ಕಳೆದಿದ್ದಾರೆ.

ವಿಯೆನ್ನಾದಿಂದ ಟೋಕಿಯೊ

1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೊಡರ್ ಬಿಲ್‌ರೋತ್ 43 ವರ್ಷದ ಹೆಂಗಸೊಬ್ಬಳ ಜಠರದ ಕೆಳತುದಿಯಲ್ಲಿದ್ದ ಕ್ಯಾನ್ಸರನ್ನು ಕತ್ತರಿಸಿ ತೆಗೆದು, ಉಳಿದ ಜಠರವನ್ನು ಸಣ್ಣಕರುಳಿಗೆ ಜೋಡಿಸಿದರು. ಅದಕ್ಕೆ ಮೊದಲು ಫ್ರಾನ್ಸಿನಲ್ಲಿ 1879ರಲ್ಲೂ ಪೋಲಿಷ್ ವೈದ್ಯ ರಿಡಿಗಿಯರ್ ಅವರಿಂದ 1880ರಲ್ಲೂ ನಡೆದ ಇಂಥ ಪ್ರಯತ್ನಗಳಲ್ಲಿ ರೋಗಿಗಳು ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. ಬಿಲ್‌ರೋತ್ ಅವರ ರೋಗಿ ಚೇತರಿಸಿಕೊಂಡು ಊಟ ಮಾಡಿದಳು, ಮನೆಗೂ ಹೋದಳು. ಆದರೆ ಸುಮಾರು ನಾಲ್ಕು ತಿಂಗಳ ನಂತರ, ಹರಡಿದ್ದ ಕ್ಯಾನ್ಸರಿಗೇ ಬಲಿಯಾದಳು. ಜಠರವನ್ನು ಕತ್ತರಿಸಿ ಹೊಲಿಯಬಹುದು ಎಂದು ಆ ದಿನ ಗೊತ್ತಾಯಿತು. ಅಷ್ಟರಿಂದಲೇ ರೋಗ ಹೋಗುವುದಿಲ್ಲ ಎಂಬುದೂ ಗೊತ್ತಾಯಿತು.

ಮುಂದಿನ ದೊಡ್ಡ ಹೆಜ್ಜೆಯನ್ನು ಇಟ್ಟವರು ಜಪಾನೀಯರು. ಜಠರದ ಕ್ಯಾನ್ಸರ್ ಅವರ ದೇಶದಲ್ಲಿ ಬಹಳ ಹೆಚ್ಚು. 1962ರಲ್ಲಿ ಅಲ್ಲಿ ಜಠರ ಕ್ಯಾನ್ಸರ್ ಸಂಶೋಧನೆಗೆಂದೇ ಒಂದು ಸಂಘ ಹುಟ್ಟಿತು. ಎಲ್ಲ ಆಸ್ಪತ್ರೆಗಳೂ ಒಂದೇ ರೀತಿಯಲ್ಲಿ ದಾಖಲೆ ಇಡಲು ನಿಯಮಗಳನ್ನು ಮಾಡಿದರು. ಜಠರದ ಸುತ್ತಲಿನ ಗ್ರಂಥಿಗಳ ತಾಣಗಳಿಗೆ ಬಸ್ ನಿಲ್ದಾಣಗಳ ಹಾಗೆ ಸಂಖ್ಯೆ ಕೊಟ್ಟರು. ಅನ್ನನಾಳ ಸೇರುವಲ್ಲಿ 1 ಮತ್ತು 2. ಮೇಲಂಚಿನಲ್ಲಿ 3, ಕೆಳಡೊಂಕಿನಲ್ಲಿ 4. ಜಠರದ ಹೊರಬಾಗಿಲ ಮೇಲೆ 5, ಕೆಳಗೆ 6. ಎಡ ಜಠರ ಅಪಧಮನಿಯ ಗುಂಟ 7. ಯಕೃತ್ತಿನ ಅಪಧಮನಿಯ ಬಳಿ 8. ಹೀಗೆ ಮುಂದುವರಿದು ಮಹಾಪಧಮನಿಯ ಅಕ್ಕಪಕ್ಕದ ಗ್ರಂಥಿಗಳಿಗೆ 16. ಶಸ್ತ್ರಕ್ರಿಯೆ ಮುಗಿದ ಮೇಲೆ ತೆಗೆದ ಕೊಬ್ಬಿನಿಂದ ಒಂದೊಂದು ತಾಣದ ಗ್ರಂಥಿಗಳನ್ನು ಹೆಕ್ಕಿ, ಬೇರೆ ಬೇರೆಯಾಗಿ ಗುರುತು ಹಾಕಿ ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸುವುದು ಅಲ್ಲಿ ರೂಢಿಯಾಯಿತು. ಬೇಸರ ಹಿಡಿಸುವ ಕೆಲಸ. ಆದರೆ ಯಾವ ಜಾಗದ ಗಡ್ಡೆ ಯಾವ ತಾಣಕ್ಕೆ, ಎಷ್ಟು ಮಂದಿಯಲ್ಲಿ ಹರಡುತ್ತದೆ ಎಂಬ ನಕ್ಷೆ ಲೋಕಕ್ಕೆ ಸಿಕ್ಕಿದ್ದು ಈ ಬೇಸರದ ಕೆಲಸದಿಂದಲೇ.

ಜಠರಕ್ಕೆ ಒತ್ತಿಕೊಂಡಿರುವ ಗ್ರಂಥಿಗಳನ್ನು ಮುಖ್ಯವಾಗಿ ತೆಗೆಯುವುದಕ್ಕೆ ಡಿ-1 ಎಂದೂ, ಅದಕ್ಕಿಂತ ಆಚೆಗೆ ದೊಡ್ಡ ಅಪಧಮನಿಗಳ ಗುಂಟ ಇರುವವನ್ನೂ ತೆಗೆಯುವುದಕ್ಕೆ ಡಿ-2 ಎಂದೂ ಹೆಸರಾಯಿತು.

ಹೆಚ್ಚು ತೆಗೆದರೆ ಹೆಚ್ಚು ಗುಣವೆ?

ಹಾಗಾದರೆ ಎಲ್ಲರಿಗೂ ಎಲ್ಲ ಗ್ರಂಥಿಗಳನ್ನೂ ತೆಗೆದುಬಿಟ್ಟರಾಯಿತಲ್ಲ ಎನ್ನಬಹುದು. ಹಾಗೆಂದು ಕೈಗೊಂಡ ಪ್ರಯೋಗಗಳು ಕಲಿಸಿದ ಪಾಠ ಅಷ್ಟು ಸರಳವಾಗಿಲ್ಲ.

1989ರಿಂದ 1993ರವರೆಗೆ ನೆದರ್ಲೆಂಡಿನಲ್ಲಿ ಜಪಾನಿನ ಪರಿಣತರ ಮಾರ್ಗದರ್ಶನದಲ್ಲಿ ಒಂದು ದೊಡ್ಡ ಹೋಲಿಕೆ ನಡೆಯಿತು. ಗುಣವಾಗುವ ಭರವಸೆಯಿಂದ ಶಸ್ತ್ರಕ್ರಿಯೆಗೆ ಒಳಗಾದ 711 ರೋಗಿಗಳಲ್ಲಿ 380 ಮಂದಿಗೆ ಡಿ-1, 331 ಮಂದಿಗೆ ಡಿ-2. ಮೊದಲ ಫಲಿತಾಂಶ ಗಾಬರಿ ಹುಟ್ಟಿಸುವಂತಿತ್ತು. ಶಸ್ತ್ರಕ್ರಿಯೆಯ ಸುತ್ತಮುತ್ತಲಿನ ಸಾವು ಡಿ-1ರಲ್ಲಿ ನೂರಕ್ಕೆ 4, ಡಿ-2ರಲ್ಲಿ ನೂರಕ್ಕೆ 10. ಗುಲ್ಮವನ್ನೂ ಮೇದೋಜೀರಕದ ಬಾಲವನ್ನೂ ಜೊತೆಗೆ ತೆಗೆದದ್ದು ಇದಕ್ಕೆ ದೊಡ್ಡ ಕಾರಣವಾಗಿತ್ತು. ಡಿ-2 ಬೇಡ ಎಂದೇ ಪಾಶ್ಚಾತ್ಯರು ಆಗ ತೀರ್ಮಾನಿಸಿದರು. ಆದರೆ ಹದಿನೈದು ವರ್ಷ ಕಾದು 2010ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಚಿತ್ರ ಬದಲಾಗಿತ್ತು. ಜಠರದ ಕ್ಯಾನ್ಸರಿನಿಂದಲೇ ಸತ್ತವರು ಡಿ-1ರಲ್ಲಿ ನೂರಕ್ಕೆ 48, ಡಿ-2ರಲ್ಲಿ ನೂರಕ್ಕೆ 37. ಅಂದರೆ ಹೆಚ್ಚು ಗ್ರಂಥಿ ತೆಗೆದದ್ದರಿಂದ ಲಾಭವಿತ್ತು, ಶಸ್ತ್ರಕ್ರಿಯೆಯ ಅಪಾಯ ಆ ಲಾಭವನ್ನು ಮುಚ್ಚಿಹಾಕಿತ್ತು. ಗುಲ್ಮವನ್ನು ಮುಟ್ಟದೆ, ನುರಿತ ಕೈಗಳು ಮಾಡುವ ಡಿ-2 ಇಂದು ಮುಂದುವರಿದ ಜಠರ ಕ್ಯಾನ್ಸರಿಗೆ ಒಪ್ಪಿತವಾದ ಶಸ್ತ್ರಕ್ರಿಯೆ.

ಹಾಗೆಂದು ಇನ್ನೂ ಮುಂದೆ ಹೋಗಿ, ಮಹಾಪಧಮನಿಯ ಬದಿಯ ಗ್ರಂಥಿಗಳನ್ನೂ ತೆಗೆದರೆ? ಜಪಾನೀಯರೇ 523 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಐದು ವರ್ಷ ಬದುಕಿದವರು ಬರಿಯ ಡಿ-2ರಲ್ಲಿ ನೂರಕ್ಕೆ 69.2, ಹೆಚ್ಚುವರಿ ಗ್ರಂಥಿ ತೆಗೆದವರಲ್ಲಿ 70.3. ಲಾಭವೆಂದು ಕರೆಯುವಷ್ಟು ಅಂತರವೇ ಅಲ್ಲ. ಜಠರದ ಮೇಲ್ಭಾಗದ ಕ್ಯಾನ್ಸರಿನಲ್ಲಿ ಅಲ್ಲಿನ ಗ್ರಂಥಿಗಳಿಗೋಸ್ಕರ ಗುಲ್ಮವನ್ನು ತೆಗೆಯುವ ಪದ್ಧತಿಯನ್ನೂ ಅವರು 505 ರೋಗಿಗಳಲ್ಲಿ ಪರೀಕ್ಷಿಸಿದರು. ಗಡ್ಡೆ ಜಠರದ ಕೆಳಡೊಂಕಿಗೆ ತಾಗದಿದ್ದರೆ ಗುಲ್ಮ ತೆಗೆದು ಉಪಯೋಗವಿಲ್ಲ, ತೊಡಕುಗಳು ಮಾತ್ರ ಹೆಚ್ಚು ಎಂದು 2017ರಲ್ಲಿ ಸ್ಪಷ್ಟವಾಯಿತು. ಎಲ್ಲಿಯವರೆಗೆ ಕತ್ತರಿಸಬೇಕೆಂಬುದಕ್ಕೂ ಒಂದು ಎಲ್ಲೆಯಿದೆ ಎಂಬುದನ್ನು, ಹೆಚ್ಚು ಕತ್ತರಿಸುವುದನ್ನು ಲೋಕಕ್ಕೆ ಕಲಿಸಿದವರೇ ಅಳೆದು ತೋರಿಸಿದರು. ವಿಜ್ಞಾನದ ಒಳ್ಳೆಯ ಗುಣಗಳಲ್ಲಿ ಇದೊಂದು.

ಆಳದ ಲೆಕ್ಕ

ಇಷ್ಟು ಹೊತ್ತು ಹೇಳಿದ್ದು ಬೆಳೆದ ಕ್ಯಾನ್ಸರಿನ ಮಾತು. ಆರಂಭದ ಹಂತದಲ್ಲಿಯೇ ಸಿಕ್ಕಿದರೆ ಲೆಕ್ಕ ಬೇರೆ.

ಜಠರದ ಗೋಡೆಗೆ ಪದರಗಳಿವೆ. ಒಳಗೆ ಲೋಳೆಪೊರೆ, ಅದರ ಕೆಳಗೆ ಸಡಿಲವಾದ ಒಂದು ಪದರ, ಆಮೇಲೆ ಸ್ನಾಯು, ಹೊರಗೆ ತೆಳು ಹೊದಿಕೆ. ಕ್ಯಾನ್ಸರ್ ಹುಟ್ಟುವುದು ಲೋಳೆಪೊರೆಯಲ್ಲಿ. ದುಗ್ಧನಾಳಗಳು ದಟ್ಟವಾಗಿರುವುದು ಅದರ ಕೆಳಗಿನ ಸಡಿಲ ಪದರದಲ್ಲಿ. ಆದ್ದರಿಂದ ಕ್ಯಾನ್ಸರ್ ಒಂದು ಮಿಲಿಮೀಟರು ಕೆಳಗಿಳಿಯುವುದಕ್ಕೂ ಇಳಿಯದಿರುವುದಕ್ಕೂ ಬಹಳ ವ್ಯತ್ಯಾಸ. ಟೋಕಿಯೊದ ಎರಡು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಗ್ರಂಥಿಸಹಿತ ಶಸ್ತ್ರಕ್ರಿಯೆ ಆದ 5,265 ಮಂದಿ ಆರಂಭಿಕ ರೋಗಿಗಳ ದಾಖಲೆಯನ್ನು 2000ದಲ್ಲಿ ಒಟ್ಟುಗೂಡಿಸಿ ನೋಡಿದರು. ಲೋಳೆಪೊರೆಯಲ್ಲೇ ಉಳಿದ ಕ್ಯಾನ್ಸರಿನಲ್ಲಿ ಗ್ರಂಥಿಗೆ ಹರಡಿದ್ದುದು ನೂರಕ್ಕೆ ಸುಮಾರು 2 ಮಂದಿಗೆ. ಕೆಳಪದರಕ್ಕೆ ಇಳಿದಿದ್ದರೆ ನೂರಕ್ಕೆ ಸುಮಾರು 18. ಇನ್ನೂ ಸೂಕ್ಷ್ಮವಾಗಿ ನೋಡಿದಾಗ, ಲೋಳೆಪೊರೆಯಲ್ಲೇ ಇದ್ದು, 3 ಸೆಂಟಿಮೀಟರಿಗಿಂತ ಚಿಕ್ಕದಾಗಿ, ಕೋಶಗಳ ರಚನೆ ಅಷ್ಟೇನೂ ಕೆಡದೆ, ನಾಳಗಳೊಳಗೆ ನುಗ್ಗದ 1,230 ಕ್ಯಾನ್ಸರುಗಳಲ್ಲಿ ಒಂದೇ ಒಂದೂ ಗ್ರಂಥಿಗೆ ಹರಡಿರಲಿಲ್ಲ.

ಇಂಥವರಿಗೆ ಹೊಟ್ಟೆ ಕೊಯ್ಯುವ ಅಗತ್ಯವೇ ಇಲ್ಲ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಗಡ್ಡೆಯಿರುವ ಲೋಳೆಪೊರೆಯನ್ನು ಬಾಳೆಯ ಪಟ್ಟೆ ಸುಲಿದಂತೆ ಸುಲಿದು ತೆಗೆಯುತ್ತಾರೆ. ಪೂರ್ತಿ ಜಠರ ಉಳಿಯುತ್ತದೆ, ಒಂದು ಗ್ರಂಥಿಯನ್ನೂ ಮುಟ್ಟುವುದಿಲ್ಲ. ಗ್ರಂಥಿಗಳನ್ನು ಬಿಡುವ ಈ ಧೈರ್ಯ ಬಂದದ್ದು, ಹಿಂದೆ ಸಾವಿರಾರು ರೋಗಿಗಳ ಗ್ರಂಥಿಗಳನ್ನು ತೆಗೆದು ಎಣಿಸಿದ್ದರಿಂದಲೇ ಎಂಬುದನ್ನು ಮರೆಯಬಾರದು.

ಬಾಗಿಲು ಕಾಯುವವ

ಕಷ್ಟ ಬರುವುದು ನಡುವಿನವರಿಗೆ. ಕ್ಯಾನ್ಸರ್ ಆರಂಭದ್ದೇ, ಆದರೆ ಎಂಡೋಸ್ಕೋಪಿನಿಂದ ಸುಲಿದು ಬಿಟ್ಟರೆ ಸಾಲದು. ಗ್ರಂಥಿಗೆ ಹೋಗಿರುವ ಸಂಭವ ನೂರಕ್ಕೆ ಐದೋ ಹತ್ತೋ ಇಪ್ಪತ್ತೋ. ಇವರಿಗೆ ಗ್ರಂಥಿಗಳನ್ನೂ ತೆಗೆದು, ಜಠರವನ್ನೂ ಆದಷ್ಟು ಉಳಿಸುವುದು ಹೇಗೆ?

ಒಂದು ದಾರಿ, ಜಠರದ ಹೊರಬಾಗಿಲನ್ನು ಉಳಿಸುವುದು. ಜಠರ ಮುಗಿದು ಸಣ್ಣಕರುಳು ಆರಂಭವಾಗುವಲ್ಲಿ ಪೈಲೋರಸ್ ಎಂಬ ಸ್ನಾಯುವಿನ ಬಳೆಯಿದೆ. ಆ ಗ್ರೀಕ್ ಮಾತಿಗೆ ದ್ವಾರಪಾಲಕ ಎಂದೇ ಅರ್ಥ. ಅರೆದ ಆಹಾರವನ್ನು ಅದು ಚಮಚ ಚಮಚವಾಗಿ ಕರುಳಿಗೆ ಬಿಡುತ್ತದೆ. ಜಠರದ ಕೆಳಭಾಗವನ್ನು ತೆಗೆಯುವ ಸಾಮಾನ್ಯ ಶಸ್ತ್ರಕ್ರಿಯೆಯಲ್ಲಿ ಈ ಬಾಗಿಲೂ ಹೋಗುತ್ತದೆ. ಆಮೇಲೆ ಉಂಡದ್ದು ಒಮ್ಮೆಗೇ ಕರುಳಿಗೆ ಸುರಿಯುವುದರಿಂದ ಕೆಲವರಿಗೆ ಊಟವಾದ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ತಲೆಸುತ್ತು. ಇದಕ್ಕೆ ಡಂಪಿಂಗ್ ಎಂದು ಹೆಸರು. ಪಿತ್ತರಸ ಹಿಂದಕ್ಕೆ ಬಂದು ಉರಿಯಾಗುವುದೂ ಉಂಟು.

ಜಪಾನಿನಲ್ಲಿ ಮಾಕಿ ಮತ್ತು ಸಂಗಡಿಗರು ಈ ಬಾಗಿಲನ್ನು ಉಳಿಸಿ ಜಠರದ ನಡುಭಾಗವನ್ನು ಮಾತ್ರ ತೆಗೆಯುವ ವಿಧಾನವನ್ನು 1967ರಲ್ಲಿ ಪ್ರಕಟಿಸಿದರು. ಅದು ಕ್ಯಾನ್ಸರಿಗಲ್ಲ, ಜಠರದ ಹುಣ್ಣಿಗೆ. ಮುಂದೆ ಆರಂಭಿಕ ಕ್ಯಾನ್ಸರಿಗೂ ಅದನ್ನು ಒಗ್ಗಿಸಿದರು. ಆದರೆ ಬಾಗಿಲು ಇದ್ದರಷ್ಟೆ ಸಾಲದು, ಬಾಗಿಲು ಕಾಯುವವನಿಗೆ ಅನ್ನವೂ ಅಪ್ಪಣೆಯೂ ಬೇಕು. ಅಂದರೆ ಅಲ್ಲಿಗೆ ಹೋಗುವ ಸಣ್ಣ ಅಪಧಮನಿ ಮತ್ತು ವೇಗಸ್ ನರದ ಕವಲು ಉಳಿಯಬೇಕು. ಅವನ್ನು ಉಳಿಸಬೇಕಾದರೆ 5ನೇ ತಾಣದ ಗ್ರಂಥಿಗಳನ್ನು ಪೂರ್ತಿಯಾಗಿ ತೆಗೆಯಲಾಗುವುದಿಲ್ಲ. 6ನೇ ತಾಣದಲ್ಲಿ ನಾಳವನ್ನು ನೋಯಿಸದೆ ಸುತ್ತಲಿನ ಗ್ರಂಥಿಗಳನ್ನು ಬಿಡಿಸುವುದು ಬಹಳ ನಾಜೂಕಿನ ಕೆಲಸ.

ಹಾಗಾದರೆ 5ನೇ ತಾಣದಲ್ಲಿ ಕ್ಯಾನ್ಸರ್ ಉಳಿದುಬಿಟ್ಟರೆ? ಅದಕ್ಕೇ ಈ ಶಸ್ತ್ರಕ್ರಿಯೆಗೆ ಕಟ್ಟುಪಾಡುಗಳಿವೆ. ಕ್ಯಾನ್ಸರ್ ಆರಂಭದ ಹಂತದಲ್ಲಿರಬೇಕು, ಗ್ರಂಥಿಗೆ ಹರಡಿದ ಲಕ್ಷಣ ಕಾಣಬಾರದು, ಗಡ್ಡೆ ಜಠರದ ನಡುಭಾಗದಲ್ಲಿದ್ದು ಅದರ ಕೆಳಅಂಚು ಪೈಲೋರಸ್‌ನಿಂದ ಕನಿಷ್ಠ 4 ಸೆಂಟಿಮೀಟರ್ ದೂರವಿರಬೇಕು. ಅಂಥ ಗಡ್ಡೆ 5ನೇ ತಾಣಕ್ಕೆ ಹರಡುವುದು ತೀರ ಅಪರೂಪ ಎಂದು ಹಳೆಯ ನಕ್ಷೆ ಹೇಳುತ್ತದೆ. ಆ ನಕ್ಷೆಯ ಬಲದ ಮೇಲೆ ಬಾಗಿಲನ್ನು ಉಳಿಸುತ್ತಾರೆ.

ಉಳಿಸಿದ್ದರಿಂದ ಎಲ್ಲವೂ ಸರಿಹೋಗುತ್ತದೆಯೆ? ಕೊರಿಯದಲ್ಲಿ 256 ರೋಗಿಗಳಲ್ಲಿ ಎರಡೂ ವಿಧಾನಗಳನ್ನು ಹೋಲಿಸಿದಾಗ ಒಂದು ವರ್ಷದ ನಂತರ ಡಂಪಿಂಗ್ ತೊಂದರೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದು ಕಡಿಮೆಯಾಗಿತ್ತು. ಆಹಾರ ಜಠರದಲ್ಲೇ ತಂಗಿ ಹೊಟ್ಟೆ ಭಾರವಾಗುವುದು ಈ ವಿಧಾನದ ಒಂದು ಕಿರಿಕಿರಿ. ಲಾಭ ಇದೆ, ಪವಾಡವಿಲ್ಲ.

ಮೊದಲ ಕಾವಲುಗಾರ

ಇನ್ನೊಂದು ದಾರಿ ಹೆಚ್ಚು ಆಸೆ ಹುಟ್ಟಿಸುವಂಥದು. ಗಡ್ಡೆಯಿಂದ ಹೊರಟ ದುಗ್ಧರಸ ಮೊದಲು ಮುಟ್ಟುವ ಗ್ರಂಥಿ ಯಾವುದೋ ಅದನ್ನು ಪತ್ತೆಮಾಡಿ, ಅದರಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಮುಂದಿನವುಗಳಲ್ಲೂ ಇರಲಾರದು ಎಂದು ತಿಳಿಯಬಹುದಲ್ಲ? ಅಂಥ ಮೊದಲ ಗ್ರಂಥಿಗೆ ಕಾವಲು ಗ್ರಂಥಿ ಎನ್ನೋಣ. ಚರ್ಮದ ಮೆಲನೋಮ ಎಂಬ ಕ್ಯಾನ್ಸರಿನಲ್ಲಿ ಅಮೆರಿಕದ ಡೊನಾಲ್ಡ್ ಮಾರ್ಟನ್ 1992ರಲ್ಲಿ ಇದನ್ನು ಬಣ್ಣದ ಸಹಾಯದಿಂದ ಮಾಡಿ ತೋರಿಸಿದರು. ಸ್ತನ ಕ್ಯಾನ್ಸರಿನಲ್ಲಿ ಇಂದು ಇದು ದಿನನಿತ್ಯದ ಕ್ರಮ. ಕಂಕುಳಿನ ಎಲ್ಲ ಗ್ರಂಥಿಗಳನ್ನು ತೆಗೆದು ತೋಳು ಬಾತುಕೊಳ್ಳುವ ಸಂಕಟದಿಂದ ಅಸಂಖ್ಯ ಹೆಂಗಸರು ಪಾರಾಗಿದ್ದಾರೆ.

ಜಠರದಲ್ಲಿ ಇದು ಅಷ್ಟು ಸಲೀಸಲ್ಲ. ಕಂಕುಳಿನ ಕಡೆಗೆ ಹೊರಡುವ ಬಸಿಗಾಲುವೆ ಹೆಚ್ಚುಕಡಿಮೆ ಒಂದೇ ದಿಕ್ಕಿನದು. ಜಠರದಿಂದ ಹಲವು ದಿಕ್ಕುಗಳಿಗೆ ಹರಿವಿದೆ, ಹತ್ತಿರದ ಗ್ರಂಥಿಯನ್ನು ಬಿಟ್ಟು ದೂರದ್ದಕ್ಕೆ ನೇರವಾಗಿ ಹಾರುವುದೂ ಉಂಟು. ಜಪಾನಿನಲ್ಲಿ ನಡೆದ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2013ರಲ್ಲಿ ಪ್ರಕಟವಾದ ಒಂದರಲ್ಲಿ ಬಣ್ಣ ಮತ್ತು ವಿಕಿರಣ ಸೂಸುವ ವಸ್ತು ಎರಡನ್ನೂ ಚುಚ್ಚಿ 397 ಮಂದಿಯಲ್ಲಿ ಕಾವಲು ಗ್ರಂಥಿ ಹುಡುಕಿದರು. ಗ್ರಂಥಿಗೆ ಹರಡಿದ್ದ 57 ಮಂದಿಯಲ್ಲಿ 53 ಮಂದಿಯದನ್ನು ಕಾವಲು ಗ್ರಂಥಿ ಸರಿಯಾಗಿ ಹೇಳಿತು. ಇನ್ನೊಂದರಲ್ಲಿ ಬಣ್ಣ ಮಾತ್ರ ಬಳಸಿ, ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಗ್ರಂಥಿಯ ಒಂದು ಸೀಳನ್ನು ಹೆಪ್ಪುಗಟ್ಟಿಸಿ ಅವಸರದಲ್ಲಿ ನೋಡಿದರು. ಹರಡಿದ್ದ 28 ಮಂದಿಯಲ್ಲಿ 13 ಮಂದಿಯದು ತಪ್ಪಿಹೋಯಿತು. ಆ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ವಿಚಾರ ಒಂದೇ, ಹುಡುಕುವ ಕ್ರಮ ಬೇರೆಯಾದರೆ ಫಲ ಇಷ್ಟು ಬೇರೆ.

ಕೊರಿಯದವರು ಇನ್ನೂ ಎಚ್ಚರದಿಂದ ಮುಂದುವರಿದರು. ಕಾವಲು ಗ್ರಂಥಿಯೊಂದನ್ನೇ ಅಲ್ಲ, ಅದಿರುವ ಇಡೀ ಬಸಿಕಣಿವೆಯನ್ನೇ ತೆಗೆದು ಪರೀಕ್ಷಿಸಿ, ಅದು ಶುದ್ಧವಾಗಿದ್ದರೆ ಗಡ್ಡೆಯಿರುವಷ್ಟು ಜಠರವನ್ನು ಮಾತ್ರ ಕತ್ತರಿಸಿ ಉಳಿದದ್ದನ್ನು ಬಿಟ್ಟರು. ಒಟ್ಟು 580 ರೋಗಿಗಳನ್ನು ಇದಕ್ಕೂ ಸಾಮಾನ್ಯ ಶಸ್ತ್ರಕ್ರಿಯೆಗೂ ಹಂಚಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷ ರೋಗವಿಲ್ಲದೆ ಉಳಿದವರು ಸಾಮಾನ್ಯ ಶಸ್ತ್ರಕ್ರಿಯೆಯಲ್ಲಿ ನೂರಕ್ಕೆ 95.5, ಜಠರ ಉಳಿಸಿದವರಲ್ಲಿ 91.8. ಮೊದಲೇ ಹಾಕಿಕೊಂಡಿದ್ದ ಕಟ್ಟುನಿಟ್ಟಿನ ಅಳತೆಗೆ ಹೊಸ ವಿಧಾನ ಮುಟ್ಟಲಿಲ್ಲ. ಆದರೆ ಮರುಕಳಿಸಿದವರಿಗೂ, ಉಳಿದ ಜಠರದಲ್ಲಿ ಹೊಸದಾಗಿ ಕ್ಯಾನ್ಸರ್ ಬಂದವರಿಗೂ ಮತ್ತೆ ಶಸ್ತ್ರಕ್ರಿಯೆ ಮಾಡಿದ್ದರಿಂದ ಬದುಕುಳಿದವರ ಲೆಕ್ಕದಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಜಠರ ಉಳಿದವರ ಊಟ, ಪುಷ್ಟಿ, ದಿನಚರಿ ಉತ್ತಮವಾಗಿದ್ದವು. ಉಳಿಸಿದ ಜಠರ ಒಂದು ಹೊಣೆಯೂ ಹೌದು. ಅದನ್ನು ವರ್ಷ ವರ್ಷ ಎಂಡೋಸ್ಕೋಪಿನಿಂದ ನೋಡುತ್ತಿರಬೇಕು. ತಪ್ಪದೆ ಮರಳಿ ಬರುವ ರೋಗಿಗೆ, ಬಂದಾಗ ನೋಡುವ ವ್ಯವಸ್ಥೆ ಇರುವ ಊರಿಗೆ ಮಾತ್ರ ಇದು ಒಪ್ಪುವ ಚಿಕಿತ್ಸೆ.

ಎರಡು ಸೊನ್ನೆಗಳು

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತಂದೆಯ ಶಸ್ತ್ರಕ್ರಿಯೆಯ ವರದಿಯನ್ನು ತಂದು ತೋರಿಸಿದ. ಅದರಲ್ಲಿ 0/31 ಎಂದಿತ್ತು. ತೆಗೆದ ಗ್ರಂಥಿಗಳು 31, ಕ್ಯಾನ್ಸರ್ ಇದ್ದವು ಸೊನ್ನೆ. ಅವನಿಗೆ ಸಮಾಧಾನಕ್ಕಿಂತ ಸಂಕಟವೇ ಹೆಚ್ಚಾಗಿತ್ತು. "ಒಂದರಲ್ಲೂ ಇರಲಿಲ್ಲವಂತೆ. ಸುಮ್ಮನೆ ಅಷ್ಟನ್ನೂ ತೆಗೆದ ಹಾಗಾಯಿತಲ್ಲ" ಎಂದ.

ಸುಮ್ಮನೆ ಅಲ್ಲ. ಒಂದು ಚೀಲದಲ್ಲಿ 30 ಮಣಿಗಳಿವೆ, ಅದರಲ್ಲಿ 2 ಕಪ್ಪು ಎಂದುಕೊಳ್ಳಿ. ಕಣ್ಣುಮುಚ್ಚಿ 4 ಮಣಿ ತೆಗೆದರೆ ಎರಡು ಕಪ್ಪು ಮಣಿಗಳೂ ಕೈತಪ್ಪುವ ಸಂಭವ ನೂರಕ್ಕೆ 75. 16 ಮಣಿ ತೆಗೆದರೆ ನೂರಕ್ಕೆ 21. ಮೂವತ್ತನ್ನೂ ತೆಗೆದರೆ ತಪ್ಪುವುದೇ ಇಲ್ಲ. ಗ್ರಂಥಿಗಳು ಚೀಲದ ಮಣಿಗಳಂತೆ ಕಲಸಿಹೋಗಿರುವುದಿಲ್ಲ, ಶಸ್ತ್ರವೈದ್ಯರು ಕಣ್ಣುಮುಚ್ಚಿ ತೆಗೆಯುವುದೂ ಇಲ್ಲ, ನಿಜ. ಆದರೂ ಲೆಕ್ಕದ ತಿರುಳು ಇದೇ. ನಾಲ್ಕರಲ್ಲಿ ಸೊನ್ನೆ ಎಂದರೆ 'ನೋಡಿದ್ದು ಸಾಲದು' ಎಂದರ್ಥ. ಮೂವತ್ತೊಂದರಲ್ಲಿ ಸೊನ್ನೆ ಎಂದರೆ 'ಬಹುಪಾಲು ಇಲ್ಲ' ಎಂದರ್ಥ. ರೋಗದ ಹಂತವನ್ನು ನಂಬಿಕೆಯಿಂದ ಹೇಳಲು ಕನಿಷ್ಠ 16 ಗ್ರಂಥಿಗಳನ್ನಾದರೂ ಪರೀಕ್ಷಿಸಿರಬೇಕು ಎಂದು ಅಂತರರಾಷ್ಟ್ರೀಯ ನಿಯಮವೇ ಸಲಹೆ ಮಾಡುತ್ತದೆ. ಒಂದೆರಡರಲ್ಲಿ ಕ್ಯಾನ್ಸರ್ ಇದ್ದರೆ ಒಂದು ಹಂತ, 3ರಿಂದ 6ರಲ್ಲಿ ಇದ್ದರೆ ಇನ್ನೊಂದು, 7 ಮತ್ತು ಮೇಲಿದ್ದರೆ ಮತ್ತೊಂದು. ಶಸ್ತ್ರಕ್ರಿಯೆಯ ನಂತರ ಕಿಮೊಥೆರಪಿ ಬೇಕೆ ಬೇಡವೆ ಎಂಬ ತೀರ್ಮಾನದಲ್ಲಿ ಈ ಎಣಿಕೆಗೆ ದೊಡ್ಡ ಪಾಲಿದೆ.

ಹಾಗಾಗಿ ಗ್ರಂಥಿ ತೆಗೆಯುವುದು ಎರಡು ಕೆಲಸ ಮಾಡುತ್ತದೆ. ರೋಗವಿದ್ದರೆ ಅದನ್ನು ಹೊರಗೆ ಹಾಕುತ್ತದೆ. ಇಲ್ಲದಿದ್ದರೆ ಇಲ್ಲವೆಂಬ ಖಾತರಿ ಕೊಡುತ್ತದೆ. ವರದಿಯಲ್ಲಿ ಮೇಲಿನ ಅಂಕಿಯನ್ನು ಮಾತ್ರ ನೋಡದೆ ಕೆಳಗಿನದನ್ನೂ ನೋಡಿ, ವೈದ್ಯರಲ್ಲಿ ಅದರ ಅರ್ಥ ಕೇಳಿ ತಿಳಿದುಕೊಳ್ಳುವುದು ಮನೆಯವರ ಹಕ್ಕು.

ನಮ್ಮಲ್ಲಿ

ಜಠರ ಉಳಿಸುವ ಈ ಎಲ್ಲ ಜಾಣ್ಮೆ ಜಪಾನ್ ಮತ್ತು ಕೊರಿಯದಲ್ಲಿ ಬೆಳೆದದ್ದು ಆಕಸ್ಮಿಕವಲ್ಲ. ಜಪಾನಿನಲ್ಲಿ 1960ರ ದಶಕದಲ್ಲೇ ಎಕ್ಸ್‌ರೇ ಯಂತ್ರವನ್ನು ವ್ಯಾನಿನಲ್ಲಿಟ್ಟು ಊರೂರಿಗೆ ಹೋಗಿ ಜಠರ ಪರೀಕ್ಷೆ ಮಾಡುತ್ತಿದ್ದರು. ಕೊರಿಯದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರದಿಂದಲೇ ತಪಾಸಣೆ ಇದೆ. ಅಲ್ಲಿ ಸಿಗುವ ಜಠರ ಕ್ಯಾನ್ಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆರಂಭದ ಹಂತದವು. ನಮ್ಮ ದೇಶದಲ್ಲಿ ಒಟ್ಟಾರೆ ಈ ರೋಗ ಅಷ್ಟು ಹೆಚ್ಚಿಲ್ಲದ್ದರಿಂದ ಅಂಥ ಸಾರ್ವತ್ರಿಕ ತಪಾಸಣೆಯಿಲ್ಲ. ಮಿಜೋರಂನ ಐಜೋಲ್ ಜಿಲ್ಲೆಯಲ್ಲಿ ಮಾತ್ರ ಇದು ದೇಶದಲ್ಲೇ ಅತಿ ಹೆಚ್ಚು. ಬೆಂಗಳೂರಿನಲ್ಲಿ 1982ರಿಂದ ನಡೆದು ಬಂದಿರುವ ಕ್ಯಾನ್ಸರ್ ನೋಂದಣಿಯಲ್ಲೂ ಗಂಡಸರ ಮುಖ್ಯ ಕ್ಯಾನ್ಸರುಗಳ ಸಾಲಿನಲ್ಲಿ ಜಠರದ್ದು ಕಾಣಿಸಿಕೊಳ್ಳುತ್ತ ಬಂದಿದೆ. ಆದರೆ ನಮ್ಮವರು ಆಸ್ಪತ್ರೆಗೆ ಬರುವ ಹೊತ್ತಿಗೆ ಹೆಚ್ಚಿನವರಲ್ಲಿ ರೋಗ ಮುಂದುವರಿದಿರುತ್ತದೆ. ಬಾಗಿಲು ಉಳಿಸಬೇಕೆ, ಕಾವಲು ಗ್ರಂಥಿ ಹುಡುಕಬೇಕೆ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ತಡವಾಗುವುದೇಕೆ? ಆರಂಭದ ಜಠರ ಕ್ಯಾನ್ಸರಿಗೆ ತನ್ನದೇ ಆದ ಲಕ್ಷಣ ಇಲ್ಲ. ಹೊಟ್ಟೆಯುರಿ, ಹುಳಿತೇಗು, ಬೇಗ ಹೊಟ್ಟೆ ತುಂಬಿದಂತಾಗುವುದು ಇವನ್ನೆಲ್ಲ ನಾವು 'ಗ್ಯಾಸ್' ಎಂಬ ಒಂದೇ ಖಾತೆಗೆ ಬರೆಯುತ್ತೇವೆ. ಸೋಡ, ಓಮ, ಜೀರಿಗೆ ಕಷಾಯ, ಆಮೇಲೆ ಅಂಗಡಿಯಿಂದ ಆಮ್ಲ ತಗ್ಗಿಸುವ ಮಾತ್ರೆ. ಈ ಮಾತ್ರೆಗಳು ಕ್ಯಾನ್ಸರಿನ ಮೇಲಿನ ಹುಣ್ಣನ್ನೂ ತಾತ್ಕಾಲಿಕವಾಗಿ ಮಾಯಿಸಬಲ್ಲವು. ಉರಿ ನಿಂತಿತೆಂದು ಸುಮ್ಮನಿರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ, ಕ್ಯಾನ್ಸರ್ ಕೆಳಗಿನ ಪದರಕ್ಕೆ ಇಳಿಯುತ್ತದೆ.

ಹೊಟ್ಟೆಯುರಿ ಬಂದವರೆಲ್ಲ ಹೆದರಬೇಕಾಗಿಲ್ಲ. ನೂರರಲ್ಲಿ ಹೆಚ್ಚಿನವರದು ಕ್ಯಾನ್ಸರ್ ಅಲ್ಲವೇ ಅಲ್ಲ. ಆದರೆ ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ಅಜೀರ್ಣ ಮೂರು ನಾಲ್ಕು ವಾರವಾದರೂ ಬಿಡದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಬಂದರೆ, ಮಲ ಡಾಂಬರಿನಂತೆ ಕಪ್ಪಾದರೆ, ನುಂಗಲು ತಡೆಯಾದರೆ, ಪದೇ ಪದೇ ವಾಂತಿಯಾದರೆ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕು. ಹತ್ತು ಹದಿನೈದು ನಿಮಿಷದ ಕೆಲಸ. ಒಡಹುಟ್ಟಿದವರಿಗೋ ತಂದೆತಾಯಿಗೋ ಈ ರೋಗ ಬಂದಿದ್ದವರು ಇನ್ನೂ ಬೇಗ ವೈದ್ಯರನ್ನು ಕಾಣುವುದು ಒಳ್ಳೆಯದು. ಜಠರದಲ್ಲಿ ಮನೆಮಾಡುವ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ ಈ ಕ್ಯಾನ್ಸರಿಗೆ ಕಾರಣಗಳಲ್ಲಿ ಒಂದೆಂದು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸಾರಿದೆ. ಅದು ಇದೆಯೆಂದು ಪರೀಕ್ಷೆಯಲ್ಲಿ ಕಂಡರೆ ಎರಡು ವಾರಗಳ ಔಷಧಿಯನ್ನು ನಡುವೆ ಬಿಡದೆ ಮುಗಿಸಬೇಕು. ಹೊಗೆಸೊಪ್ಪು, ಬೀಡಿ, ಸಿಗರೇಟು ಬಿಡುವುದರಿಂದಲೂ ಅಪಾಯ ತಗ್ಗುತ್ತದೆ.

ಇನ್ನು ಜಠರದ ಬಹುಭಾಗ ಹೋದವರ ಮಾತು. ಅವರು ಬದುಕಲಾರರು ಎಂಬುದು ತಪ್ಪು ಕಲ್ಪನೆ. ಪೂರ್ತಿ ಜಠರ ತೆಗೆದವರೂ ವರ್ಷಗಟ್ಟಲೆ ಬಾಳಿದ್ದಾರೆ. ಮೂರು ದೊಡ್ಡ ಊಟದ ಬದಲು ಆರು ಸಣ್ಣ ಊಟ, ನಿಧಾನವಾಗಿ ಅಗಿದು ಉಣ್ಣುವುದು, ಸಿಹಿಯನ್ನು ಒಮ್ಮೆಲೇ ಹೆಚ್ಚು ತಿನ್ನದಿರುವುದು ಅಭ್ಯಾಸವಾಗಬೇಕು. ಬಿ-12 ಜೀವಸತ್ವವನ್ನು ಹೀರಿಕೊಳ್ಳಲು ಬೇಕಾದ ವಸ್ತು ಜಠರದಲ್ಲೇ ತಯಾರಾಗುವುದರಿಂದ, ಪೂರ್ತಿ ಜಠರ ಹೋದವರು ಅದನ್ನು ಜೀವಮಾನವಿಡೀ ವೈದ್ಯರು ಹೇಳಿದ ರೀತಿಯಲ್ಲಿ ತೆಗೆದುಕೊಳ್ಳಬೇಕು. ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಕೂಡಲೇ ಗೊತ್ತಾಗುವುದಿಲ್ಲ. ಚೆನ್ನಾಗಿದ್ದೇನೆ ಎಂದು ಇಂಜೆಕ್ಷನ್ ಬಿಟ್ಟವರು ಎರಡು ಮೂರು ವರ್ಷಗಳ ಮೇಲೆ ಕೈಕಾಲು ಜೋಮು ಹಿಡಿದು ಮತ್ತೆ ಆಸ್ಪತ್ರೆಗೆ ಬರುತ್ತಾರೆ.

ಶಸ್ತ್ರಕ್ರಿಯೆಗೆ ಮೊದಲು ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ಕ್ಯಾನ್ಸರ್ ಯಾವ ಪದರದವರೆಗೆ ಇಳಿದಂತೆ ಕಾಣುತ್ತದೆ? ಗ್ರಂಥಿಗಳಲ್ಲಿ ಇರುವ ಸಂಭವ ಎಷ್ಟು? ಜಠರದಲ್ಲಿ ಎಷ್ಟು ಉಳಿಯುತ್ತದೆ, ಬಾಗಿಲು ಉಳಿಯುತ್ತದೆಯೆ? ಉಳಿಸಿದರೆ ಎಷ್ಟು ಸಲ ಬಂದು ತೋರಿಸಬೇಕು? 'ಆದಷ್ಟು ಉಳಿಸಿ ಡಾಕ್ಟ್ರೇ' ಎಂದು ಕೈಮುಗಿಯುವುದಕ್ಕಿಂತ ಈ ನಾಲ್ಕು ಮಾತು ಕೇಳಿ ಉತ್ತರವನ್ನು ಒಂದು ಕಾಗದದಲ್ಲಿ ಬರೆದುಕೊಳ್ಳುವುದು ಮೇಲು. ಉಳಿಸಬಾರದ ಕಡೆ ಉಳಿಸಿದರೆ ಆ ಉಳಿತಾಯಕ್ಕೆ ಜೀವವನ್ನೇ ತೆರಬೇಕಾಗಬಹುದು. ಉಳಿಸಬಹುದಾದ ಹಂತದಲ್ಲಿಯೇ ಹೋಗಿ ತೋರಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.